ಚೆಲೊಗೆ ಮಾತು ಬರುವುದಿಲ್ಲ, ಅದಕ್ಕೇ ನಮ್ಮ ಕೆಲಸ ಜಾಸ್ತಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಒಪೆರಾದ (ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕದ) ಹಾಡುಗಳನ್ನು ತೆಗೆದುಕೊಂಡು, ಚೆಲೊ (ಪಿಟೀಲಿನ ಜಾತಿಯ ದೊಡ್ಡ ತಂತಿ ವಾದ್ಯ) ಮತ್ತು ಪಿಯಾನೊಗೆ ಹೊಂದಿಸಿ, ಕಛೇರಿಯಲ್ಲಿ ನುಡಿಸುವಂಥ ಕೃತಿ ಮಾಡುವುದು ಹೇಗೆ? ನಾನು ಚೆಲೊ ನುಡಿಸುವವಳು. ಇಪ್ಪತ್ತೈದು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ನನ್ನ ಜೊತೆ ಪಿಯಾನೊ ನುಡಿಸುವ ಗೆಳತಿಯೂ ಅಷ್ಟೇ ವರ್ಷಗಳಿಂದ ನನ್ನ ಹಾಳೆಗಳನ್ನು ತಿದ್ದುತ್ತಿದ್ದಾಳೆ. ಈ ಉತ್ತರಗಳಲ್ಲಿ ಅರ್ಧ ಅವಳದ್ದು.

ಪ್ರಶ್ನೆ: ಮೇಡಂ, ಬಿಜೆಯ ‘ಕಾರ್ಮೆನ್’ ಒಪೆರಾದ ಐದು ಟ್ಯೂನ್‌ಗಳನ್ನು ಜೋಡಿಸಿ ಹನ್ನೆರಡು ನಿಮಿಷದ ಕೃತಿ ಬರೆದಿದ್ದೇನೆ. ಹಬನೇರಾ, ಸೆಗಿದಿಯಾ (ಎರಡೂ ಕುಣಿತದ ಲಯದ ಹಾಡುಗಳು), ಡಾನ್ ಹೋಸೆಯ ಹೂವಿನ ಹಾಡು, ಟೊರೆಡಾರ್ (ಗೂಳಿಕಾಳಗದವನ) ಹಾಡು, ಕೊನೆಗೆ ಜಿಪ್ಸಿ ಹಾಡು. ನುಡಿಸಲು ಸುಲಭವಾಗಲಿ ಅಂತ ಎಲ್ಲವನ್ನೂ ಡಿ ಸ್ಕೇಲ್‌ಗೆ (ಡಿ ಅನ್ನುವ ಸ್ವರವೇ ಆಧಾರವಾದ ಸ್ವರಸಾಲಿಗೆ) ತಂದಿದ್ದೇನೆ. ಕೇಳಿದವರು ‘ಚೆನ್ನಾಗಿದೆ, ಆದರೆ ಒಂದಾದ ಮೇಲೊಂದು ಹಾಡು ಹಾಕಿದ ಹಾಗಿದೆ’ ಅನ್ನುತ್ತಾರೆ. ಎಲ್ಲಿ ತಪ್ಪಿದೆ?
— ಚೆಲೊ ವಿದ್ಯಾರ್ಥಿ

ಉತ್ತರ: ಕೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಒಂದೊಂದು ಟ್ಯೂನೂ ಚೆನ್ನಾಗಿ ಕೂತಿರಬಹುದು. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಕಾರಣ ಇಲ್ಲ. ಒಪೆರಾದಲ್ಲಿ ಆ ಕಾರಣವನ್ನು ಕಥೆ ಕೊಡುತ್ತದೆ. ನೀವು ಕಥೆಯನ್ನು ಅಲ್ಲೇ ಬಿಟ್ಟು ಹಾಡುಗಳನ್ನು ಮಾತ್ರ ತಂದಿದ್ದೀರಿ.

ಮೊದಲು ಐದನ್ನು ಮೂರಕ್ಕೆ ಇಳಿಸಿ. ನಾನಾದರೆ ಹಬನೇರಾ, ಹೂವಿನ ಹಾಡು, ಜಿಪ್ಸಿ ಹಾಡು ಇಟ್ಟುಕೊಳ್ಳುತ್ತೇನೆ. ಟೊರೆಡಾರ್ ಹಾಡನ್ನು ಬಿಡಲು ಮನಸ್ಸು ಬರುವುದಿಲ್ಲ, ಗೊತ್ತು. ಎಲ್ಲರಿಗೂ ಗೊತ್ತಿರುವ ಟ್ಯೂನ್ ಅದು. ಆದರೆ ಸ್ಪೇನಿನ ಪಿಟೀಲು ವಾದಕ ಸರಸಾತೆ ಪಿಟೀಲಿಗಾಗಿ ಬರೆದ ‘ಕಾರ್ಮೆನ್ ಫ್ಯಾಂಟಸಿ’ಯನ್ನು ಕೇಳಿ. ಇಂದಿಗೂ ಪಿಟೀಲಿನವರು ಬಿಡದೆ ನುಡಿಸುವ ಕೃತಿ. ಅದರಲ್ಲಿ ಟೊರೆಡಾರ್ ಹಾಡೇ ಇಲ್ಲ. ಅದು ಇಲ್ಲವಲ್ಲ ಅಂತ ಯಾರೂ ಕೊರಗಿದ್ದನ್ನು ನಾನು ಕಂಡಿಲ್ಲ.

ಇನ್ನು ಜೋಡಿಸುವ ದಾರ. ಅದನ್ನು ನೀವು ಹೊಸದಾಗಿ ಹೊಸೆಯಬೇಕಿಲ್ಲ, ಬಿಜೆಯೇ ಇಟ್ಟಿದ್ದಾನೆ. ಒಪೆರಾದ ಆರಂಭದ ಸಂಗೀತದ ಕೊನೆಯಲ್ಲಿ ಒಂದು ಚಿಕ್ಕ ಮಟ್ಟು ಬರುತ್ತದೆ. ಅದನ್ನು ವಿಧಿಯ ಮಟ್ಟು ಅನ್ನುತ್ತಾರೆ. ಬಿ ಫ್ಲ್ಯಾಟ್‌ಗೂ (ಫ್ಲ್ಯಾಟ್ ಅಂದರೆ ಅರ್ಧ ಸ್ವರ ಕೆಳಗೆ) ಸಿ ಶಾರ್ಪ್‌ಗೂ (ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ) ನಡುವಿನ ಆ ಒಂದೂವರೆ ಸ್ವರದ ಅಗಲವಾದ ಹೆಜ್ಜೆಯೇ ಅದರ ಗುರುತು. ಅದನ್ನು ಅಲ್ಲಿ ನುಡಿಸುವ ವಾದ್ಯಗಳಲ್ಲಿ ಚೆಲೊ ಕೂಡ ಇದೆ. ನಾಯಕಿ ಕಾರ್ಮೆನ್ ಹಬನೇರಾ ಹಾಡಿ ಮುಗಿಸಿ, ಮುಂದೆ ಅವಳಿಗೆ ಮರುಳಾಗುವ ಸೈನಿಕ ಹೋಸೆಯ ಮೇಲೆ ಹೂವು ಎಸೆಯುವಾಗ ಅದು ಬರುತ್ತದೆ. ಎರಡನೇ ಅಂಕದಲ್ಲಿ, ಹೋಸೆ ಹೂವಿನ ಹಾಡು ಶುರು ಮಾಡುವ ಮುಂಚೆ, ಇಂಗ್ಲಿಷ್ ಹಾರ್ನ್ ಅನ್ನುವ ಊದುವ ವಾದ್ಯ ಅದನ್ನೇ ಮೆಲ್ಲಗೆ ನುಡಿಸುತ್ತದೆ. ನೋಡಿ, ಹಬನೇರಾಕ್ಕೂ ಹೂವಿನ ಹಾಡಿಗೂ ನಡುವೆ ಸೇತುವೆ ಆಗಲೇ ಇದೆ! ಹಬನೇರಾ ನಿಂತ ಕೂಡಲೇ ಪಿಯಾನೊದ ಕೆಳಗಿನ ಸ್ವರಗಳು ಸಣ್ಣಗೆ ನಡುಗಲಿ. ಅದರ ಮೇಲೆ ಚೆಲೊ ಈ ಮಟ್ಟನ್ನು ಒಂದು ಸಲ ನುಡಿಸಲಿ. ಎರಡು ಸಲ ಬೇಡ. ನಂತರ ಒಂದು ಉಸಿರಿನಷ್ಟು ಮೌನ. ಆಮೇಲೆ ಹೂವಿನ ಹಾಡು.

ಸ್ಕೇಲ್ ವಿಷಯ. ಹನ್ನೆರಡು ನಿಮಿಷ ಡಿಯಲ್ಲೇ ಕೂತರೆ ಕಿವಿ ದಣಿಯುತ್ತದೆ. ಕೇಳುವವರಿಗೆ ಯಾಕೆ ಅಂತ ಗೊತ್ತಾಗುವುದಿಲ್ಲ, ಸುಮ್ನೆ ಆಕಳಿಕೆ ಬರುತ್ತದೆ. ಹಬನೇರಾ ಮೂಲದಲ್ಲೇ ಡಿ ಮೈನರ್‌ನಲ್ಲಿದೆ (ಮೈನರ್ ಅಂದರೆ ದುಗುಡದ ಛಾಯೆಯ ಸ್ಕೇಲ್), ಪಲ್ಲವಿ ಬಂದಾಗ ಡಿ ಮೇಜರ್ (ತಿಳಿಯಾದ ಛಾಯೆಯದು) ಆಗುತ್ತದೆ. ಅದನ್ನು ಹಾಗೇ ಇಡಿ. ಹೂವಿನ ಹಾಡು ಮೂಲದಲ್ಲಿ ಡಿ ಫ್ಲ್ಯಾಟ್ ಮೇಜರ್. ನೀವು ಅದನ್ನು ಅರ್ಧ ಸ್ವರ ಏರಿಸಿ ಡಿ ಮಾಡಿದ್ದೀರಿ. ಏರಿಸಬೇಡಿ, ಅರ್ಧ ಸ್ವರ ಇಳಿಸಿ ಸಿ ಮೇಜರ್ ಮಾಡಿ.

ಯಾಕೆ ಅಂದರೆ, ಆ ಹಾಡಿನ ಕೊನೆಯ ಹತ್ತಿರ ಹೋಸೆ ‘ನಾನು ನಿನ್ನ ಸ್ವತ್ತಾಗಿದ್ದೆ’ ಅನ್ನುವ ಅರ್ಥದ ಮಾತು ಹಾಡುತ್ತಾ ಮೇಲಿನ ಬಿ ಫ್ಲ್ಯಾಟ್‌ಗೆ ಹತ್ತುತ್ತಾನೆ. ಅದನ್ನು ತೀರಾ ಮೆತ್ತಗೆ ಹಾಡಬೇಕು ಅಂತ ಬಿಜೆ ಬರೆದಿದ್ದಾನೆ. ಎಷ್ಟೋ ಗಾಯಕರಿಗೆ ಅದು ಆಗುವುದಿಲ್ಲ, ಗಟ್ಟಿಯಾಗಿ ಕೂಗಿಬಿಡುತ್ತಾರೆ. ನೀವು ಸಿ ಮೇಜರ್‌ಗೆ ಇಳಿಸಿದರೆ ಆ ಬಿ ಫ್ಲ್ಯಾಟ್ ಎ ಆಗುತ್ತದೆ. ಚೆಲೊದ ಎ ತಂತಿಯನ್ನು ಸರಿಯಾಗಿ ನಟ್ಟನಡುವೆ ಮುಟ್ಟಿದರೆ ಸಿಗುವುದೂ ಅದೇ ಎ. ಅಲ್ಲಿ ಬೆರಳನ್ನು ಒತ್ತಬೇಡಿ, ಸುಮ್ನೆ ತಾಗಿಸಿ. ಕಮಾನನ್ನು ಹಗುರವಾಗಿ ಎಳೆಯಿರಿ. ಸಿಳ್ಳೆಯಂಥ ಒಂದು ತಿಳಿಯಾದ ದನಿ ಬರುತ್ತದೆ. ಗಾಯಕನಿಗೆ ಇಡೀ ಹಾಡಿನಲ್ಲೇ ಕಷ್ಟವಾದ ಜಾಗ ಚೆಲೊಗೆ ತಾನಾಗಿ ಒಲಿಯುತ್ತದೆ. ಬಿಜೆ ಕೇಳಿದ ಮೆದುತನ ಅಲ್ಲಿ ಸಿಗುತ್ತದೆ. ಈ ಒಂದು ಸ್ವರಕ್ಕಾಗಿ ನಾನು ಇಡೀ ಹಾಡಿನ ಸ್ಕೇಲ್ ಬದಲಾಯಿಸಿದ್ದೇನೆ. ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಜಿಪ್ಸಿ ಹಾಡು ಮೂಲದ ಇ ಮೈನರ್‌ನಲ್ಲೇ ಇರಲಿ. ಅದು ನಿಧಾನವಾಗಿ ಶುರುವಾಗಿ ವೇಗ ಏರಿಸಿಕೊಳ್ಳುತ್ತಾ ಹೋಗುವ ಹಾಡು. ಆದ್ದರಿಂದ ಕೊನೆಗೆ ನೀವಾಗಿ ಇನ್ನೊಂದು ಬಿರುಸಿನ ಭಾಗ ಸೇರಿಸಬೇಕಿಲ್ಲ.

ಹಬನೇರಾ ಬಗ್ಗೆ ಇನ್ನೊಂದು ಮಾತು. ಒಪೆರಾದಲ್ಲಿ ಕಾರ್ಮೆನ್ ಹಾಡುವಾಗ ಕೆಳಗೆ ‘ಡಿ, ಎ, ಎಫ್, ಎ’ ಅಂತ ಬಿಡದೆ ತೂಗುವ ಲಯವನ್ನು ಹಿಡಿದಿರುವುದು ಚೆಲೊಗಳೇ. ಹಾಗಿದ್ದ ಮೇಲೆ ನಿಮ್ಮ ಕೃತಿಯಲ್ಲೂ ಮೊದಲ ಚರಣವನ್ನು ಪಿಯಾನೊ ಹಾಡಲಿ. ಚೆಲೊ ತಂತಿ ಮೀಟುತ್ತಾ ಆ ಲಯವನ್ನು ಹಿಡಿಯಲಿ. ಎರಡನೇ ಚರಣಕ್ಕೆ ಅದಲುಬದಲು ಮಾಡಿ. ಚೆಲೊ ಕಮಾನು ಎತ್ತಿಕೊಂಡು ಟ್ಯೂನ್ ಹಿಡಿದಾಗ ಅದು ಒಬ್ಬಳು ರಂಗಕ್ಕೆ ಬಂದ ಹಾಗೆ ಕೇಳಿಸುತ್ತದೆ. ಆ ಟ್ಯೂನ್ ಅರ್ಧ ಅರ್ಧ ಸ್ವರವಾಗಿ ಕೆಳಗೆ ಜಾರುತ್ತದಲ್ಲ, ಅಲ್ಲಿ ಎಲ್ಲ ಕಡೆ ಬೆರಳು ಜಾರಿಸಬೇಡಿ. ಒಂದು ಸಾಲಿಗೆ ಒಂದು ಜಾರು ಸಾಕು.

ಪ್ರಶ್ನೆ: ನನಗೆ ಇಟಾಲಿಯನ್ ಬರುವುದಿಲ್ಲ, ಫ್ರೆಂಚ್ ಬರುವುದಿಲ್ಲ. ಚೆಲೊದಲ್ಲಿ ನುಡಿಸುವಾಗ ಮಾತೇ ಇಲ್ಲವಲ್ಲ. ಹಾಡಿನ ಅರ್ಥ ತಿಳಿದುಕೊಳ್ಳಲೇಬೇಕಾ?
— ಹವ್ಯಾಸಿ ಚೆಲೊ ವಾದಕಿ

ಉತ್ತರ: ತಿಳಿದುಕೊಳ್ಳಲೇಬೇಕು. ಮಾತು ಇಲ್ಲ ಅನ್ನುವುದಕ್ಕೇ ತಿಳಿದುಕೊಳ್ಳಬೇಕು.

ವರ್ದಿಯ ‘ರಿಗೊಲೆಟ್ಟೊ’ದ ‘ಲಾ ದೊನ್ನಾ ಎ ಮೊಬಿಲೆ’ ನೆನಪಿಸಿಕೊಳ್ಳಿ. 1851ರಲ್ಲಿ ವೆನಿಸ್‌ನಲ್ಲಿ ಮೊದಲು ರಂಗಕ್ಕೆ ಬಂದ ಒಪೆರಾ. ಅದರ ಟ್ಯೂನನ್ನು ನಮ್ಮ ಸ್ವರಗಳಲ್ಲಿ ಹೇಳಿದರೆ ‘ಗ ಗ ಗ, ಪ ಮ ರಿ’, ಆಮೇಲೆ ‘ರಿ ರಿ ರಿ, ಮ ಗ ಸ’. ಶುರುವಿನಲ್ಲೇ ಒಂದೇ ಸ್ವರ ಮೂರು ಸಲ. ಗಾಯಕನ ಬಾಯಲ್ಲಿ ಆ ಮೂರೂ ಬೇರೆ ಬೇರೆ. ಒಂದು ‘ಲಾ’, ಒಂದು ‘ದೊನ್’, ಒಂದು ‘ನಾ’. ನಾಲಗೆ, ತುಟಿ, ಮೂಗು ಎಲ್ಲ ಸೇರಿ ಪ್ರತಿಯೊಂದಕ್ಕೂ ಬೇರೆ ಮುಖ ಕೊಡುತ್ತವೆ. ಅದನ್ನೇ ಚೆಲೊದಲ್ಲಿ ‘ಗ ಗ ಗ’ ಅಂತ ಎಳೆದರೆ ಬಾಗಿಲು ತಟ್ಟಿದ ಹಾಗಿರುತ್ತದೆ. ಮಾತು ಹೋದ ಕೂಡಲೇ ಹಾಡು ಕಳೆದುಕೊಳ್ಳುವ ಮೊದಲ ವಸ್ತು ಇದು. ಅರ್ಥ ಹೋಗುವುದು ಆಮೇಲೆ, ಅಕ್ಷರ ಹೋಗುವುದು ಮೊದಲು. ಅಕ್ಷರದ ಜಾಗಕ್ಕೆ ನೀವು ಕಮಾನಿನಿಂದ ಏನಾದರೂ ಕೊಡಬೇಕು.

ಹೇಗೆ ಕೊಡುವುದು? ಇಂಗ್ಲಿಷ್‌ನಲ್ಲೇ ಇರುವ ಒಂದು ಹಾಡನ್ನು ತೆಗೆದುಕೊಳ್ಳೋಣ, ನಿಮಗೆ ಮಾತು ತಿಳಿಯುತ್ತದೆ. ಪರ್ಸೆಲ್‌ನ ‘ಡೈಡೊ ಅಂಡ್ ಈನಿಯಸ್’. 1680ರ ದಶಕದ ಕೊನೆಯ ಹೊತ್ತಿಗೆ ಲಂಡನ್ ಬಳಿಯ ಚೆಲ್ಸಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇದನ್ನು ಆಡಿದ್ದರು. ಕೊನೆಯಲ್ಲಿ ರಾಣಿ ಡೈಡೊ ಸಾಯುವ ಮುಂಚೆ ಹಾಡುತ್ತಾಳೆ. ಮೊದಲು ಬರಿಯ ಕೆಳದನಿ ಕೇಳಿಸುತ್ತದೆ. ಜಿಯಿಂದ ಡಿವರೆಗೆ ಅರ್ಧ ಅರ್ಧ ಸ್ವರವಾಗಿ ಇಳಿದು ಮತ್ತೆ ಜಿಗೆ ಬಂದು ನಿಲ್ಲುವ ಐದು ಬಾರ್‌ಗಳು (ತಾಳದ ಆವರ್ತಗಳು). ಹಾಡು ಮುಗಿಯುವವರೆಗೆ ಅದೇ ತಿರುಗಿ ತಿರುಗಿ ಬರುತ್ತದೆ. ಅದರ ಮೇಲೆ ಅವಳು ‘ರಿಮೆಂಬರ್ ಮಿ’ ಅನ್ನುತ್ತಾಳೆ. ನನ್ನ ನೆನಪಿರಲಿ ಅಂತ. ನಾಲ್ಕು ಅಕ್ಷರ, ನಾಲ್ಕಕ್ಕೂ ಒಂದೇ ಸ್ವರ, ಡಿ.

ಇದನ್ನು ಚೆಲೊದಲ್ಲಿ ಒಂದು ಸ್ಥಾಯಿ ಕೆಳಗೆ ಎ ತಂತಿಯ ಮೇಲೆ ಹಿಡಿಯಿರಿ. ಈಗ ಬಾಯಿಂದ ಮಾತು ಹೇಳಿಕೊಳ್ಳಿ. ‘ರಿ’ ಚಿಕ್ಕದು, ಅದಕ್ಕೆ ಕಮಾನು ಕೊಂಚವೇ ಸಾಕು. ‘ಮೆಂ’ ಮೇಲೆ ಭಾರ ಬೀಳುತ್ತದೆ. ಆದರೆ ‘ಮ’ಕಾರ ತುಟಿ ಮುಚ್ಚಿ ಶುರುವಾಗುವ ಅಕ್ಷರ, ಹೊಡೆತ ಇಲ್ಲ. ಕಮಾನು ತಂತಿಯ ಮೇಲೆ ಮೊದಲೇ ಕೂತಿರಬೇಕು, ಆಮೇಲೆ ತೂಕ ಬಿಡಬೇಕು. ‘ಬರ್’ ಅನ್ನುವುದು ಅದರ ಬಾಲ. ಅದಕ್ಕೆ ಬೇರೆ ಕಮಾನು ಬೇಡ, ಅದೇ ಕಮಾನಿನಲ್ಲಿ ಕ್ಷಣ ತಡೆದು ಮುಂದೆ ಹೋಗಿ. ‘ಮಿ’ ಬಂದಾಗ ಬೆರಳಿನ ನಡುಕವನ್ನು ನಿಲ್ಲಿಸಿಬಿಡಿ. ಬರಿ ದನಿ ಇರಲಿ. ಅವಳು ಬೇಡುತ್ತಿದ್ದಾಳೆ, ಅಲಂಕಾರ ಮಾಡಿಕೊಂಡು ಯಾರೂ ಬೇಡುವುದಿಲ್ಲ.

ಈ ನಾಲ್ಕು ಸ್ವರಗಳನ್ನು ನಾನು ಒಂದು ವಾರ ನುಡಿಸಿದ್ದೇನೆ. ಮಾತು ಹೇಳಿಕೊಳ್ಳದೆ ನುಡಿಸಿದ ದಿನ, ಪಕ್ಕದ ಕೋಣೆಯಲ್ಲಿದ್ದ ಗೆಳತಿ ‘ಶ್ರುತಿ ನೋಡ್ತಿದ್ದೀಯಾ?’ ಅಂತ ಕೇಳಿದಳು. ಹೇಳಿಕೊಂಡು ನುಡಿಸಿದ ದಿನ ಅವಳು ಎದ್ದು ಬಂದು ಪಿಯಾನೊ ಮುಂದೆ ಕೂತಳು, ಏನೂ ಹೇಳದೆ ಆ ಕೆಳದನಿ ಹಿಡಿದಳು.

ಆದ್ದರಿಂದ ಭಾಷೆ ಕಲಿಯಬೇಕಿಲ್ಲ. ಪ್ರತಿ ಸಾಲಿನ ಅರ್ಥ ತಿಳಿದುಕೊಳ್ಳಿ, ಉಚ್ಚಾರ ಕೇಳಿಸಿಕೊಳ್ಳಿ, ಚೆಲೊ ಹಾಳೆಯಲ್ಲಿ ಸ್ವರಗಳ ಕೆಳಗೆ ಪೆನ್ಸಿಲ್‌ನಿಂದ ಕನ್ನಡ ಅಕ್ಷರದಲ್ಲೇ ಮಾತು ಬರೆದುಕೊಳ್ಳಿ. ಗಾಯಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ಒಂದು ಅಲ್ಪವಿರಾಮ ಹಾಕಿ. ಕಮಾನಿಗೆ ಉಸಿರು ಕಟ್ಟುವುದಿಲ್ಲ, ಆದ್ದರಿಂದ ನಾವು ನಿಲ್ಲದೆ ಎಳೆಯುತ್ತಲೇ ಹೋಗುತ್ತೇವೆ. ಕೇಳುವವರಿಗೆ ಉಸಿರು ಕಟ್ಟುತ್ತದೆ.

ಪ್ರಶ್ನೆ: ಸೊಪ್ರಾನೊ (ಹೆಣ್ಣಿನ ಎತ್ತರದ ದನಿಯ) ಹಾಡನ್ನು ಮೂಲ ಸ್ಕೇಲ್‌ನಲ್ಲೇ, ಮೂಲ ಎತ್ತರದಲ್ಲೇ ನುಡಿಸಿದರೆ ಹೆಚ್ಚು ಪ್ರಾಮಾಣಿಕ ಅಲ್ವಾ?
— ಸಂಗೀತ ಶಿಕ್ಷಕರು

ಉತ್ತರ: ಈ ನಂಬಿಕೆ ನನಗೂ ಇತ್ತು ಸರ್. ನಾನು ಮೊದಲು ಹೊಂದಿಸಿದ್ದು ದ್ವೊರ್ಜಾಕ್‌ನ ‘ರುಸಾಲ್ಕಾ’ದಲ್ಲಿ ಜಲಕನ್ಯೆ ಚಂದ್ರನಿಗೆ ಹಾಡುವ ಹಾಡು. ಅದು 1901ರಲ್ಲಿ ಪ್ರಾಗ್‌ನಲ್ಲಿ ರಂಗಕ್ಕೆ ಬಂದ ಒಪೆರಾ. ಹಾಡು ಜಿ ಫ್ಲ್ಯಾಟ್ ಮೇಜರ್‌ನಲ್ಲಿದೆ, ಆರು ಫ್ಲ್ಯಾಟ್‌ಗಳು. ನಾನು ಒಂದು ಸ್ವರವನ್ನೂ ಅಲುಗಿಸಲಿಲ್ಲ. ಎತ್ತರವನ್ನೂ ಹಾಗೇ ಇಟ್ಟೆ. ಇಡೀ ಹಾಡನ್ನು ಹೆಬ್ಬೆರಳನ್ನು ತಂತಿಯ ಮೇಲಿಟ್ಟು ಮೇಲಿನ ಜಾಗದಲ್ಲೇ ನುಡಿಸಬೇಕಾಯಿತು. ತಿಂಗಳುಗಟ್ಟಲೆ ಸಾಧನೆ ಮಾಡಿದೆ, ಶ್ರುತಿ ತಪ್ಪಲಿಲ್ಲ. ಆದರೂ ಸಭೆಯಲ್ಲಿ ನುಡಿಸಿದಾಗ ಚೆಲೊ ಕಂಬಳಿ ಹೊದ್ದುಕೊಂಡ ಹಾಗೆ ಕೇಳಿಸಿತು. ಅವತ್ತು ರಾತ್ರಿ ತುಂಬಾ ನೊಂದುಕೊಂಡೆ.

ಕಾರಣ ಆಮೇಲೆ ತಿಳಿಯಿತು. ಚೆಲೊದ ನಾಲ್ಕು ತಂತಿಗಳು ಸಿ, ಜಿ, ಡಿ, ಎ. ನೀವು ಯಾವ ಸ್ವರ ನುಡಿಸಿದರೂ, ಅದಕ್ಕೆ ಹೊಂದುವ ಖಾಲಿ ತಂತಿ ಇದ್ದರೆ ಅದು ಮುಟ್ಟದೆಯೇ ಅನುರಣಿಸುತ್ತದೆ. ಚೆಲೊದ ದನಿಗೆ ಆ ತುಂಬುತನ ಬರುವುದು ಹೀಗೆ. ಜಿ ಫ್ಲ್ಯಾಟ್ ಮೇಜರ್‌ನ ಏಳು ಸ್ವರಗಳಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ! ನಾಲ್ಕು ತಂತಿಗಳೂ ಮೂಕವಾಗಿ ಕೂತಿರುತ್ತವೆ. ಅರ್ಧ ಸ್ವರ ಏರಿಸಿ ಜಿ ಮೇಜರ್ ಮಾಡಿದರೆ ನಾಲ್ಕೂ ಒಳಗೆ ಬರುತ್ತವೆ. ಅದೇ ಹಾಡು, ಅದೇ ಚೆಲೊ, ಅದೇ ಕೈ. ಮರದೊಳಗೆ ದೀಪ ಹಚ್ಚಿದ ಹಾಗಾಯಿತು.

ಸ್ಯಾಂ-ಸಾಂಸ್‌ನ ‘ಸ್ಯಾಮ್ಸನ್ ಮತ್ತು ಡಲೈಲಾ’ದಲ್ಲಿ ಡಲೈಲಾ ಹಾಡುವ ಪ್ರಸಿದ್ಧ ಹಾಡಿಗೂ ಇದೇ ಮಾತು. ಮೂಲ ಡಿ ಫ್ಲ್ಯಾಟ್‌ನಲ್ಲಿ ಸಿಗುವುದು ಸಿ ಒಂದೇ. ಡಿಗೆ ಏರಿಸಿದರೆ ಜಿ, ಡಿ, ಎ ಮೂರೂ ಸಿಗುತ್ತವೆ.

ಎತ್ತರದ ಬಗ್ಗೆ: ಮೊದಲ ಚರಣವನ್ನು ಒಂದು ಸ್ಥಾಯಿ ಇಳಿಸಿ ನುಡಿಸಿ. ಅಲ್ಲಿ ಚೆಲೊ ಮನುಷ್ಯರ ದನಿಗೆ ತೀರಾ ಹತ್ತಿರ. ಎರಡನೇ ಚರಣದಲ್ಲಿ ಮೇಲೆ ಹೋಗಿ. ಆಗ ಆ ಎತ್ತರಕ್ಕೆ ಬೆಲೆ ಬರುತ್ತದೆ. ಪ್ರಾಮಾಣಿಕತೆ ನನ್ನ ಪ್ರಕಾರ ಸ್ವರದ ಹೆಸರಿನಲ್ಲಿ ಇಲ್ಲ. ಸೊಪ್ರಾನೊ ಆ ಜಾಗದಲ್ಲಿ ಸಲೀಸಾಗಿ ಹಾಡುತ್ತಾಳೆ, ಚೆಲೊ ಅಲ್ಲಿ ಕಷ್ಟಪಡುತ್ತದೆ ಅಂದರೆ ನೀವು ಹಾಡನ್ನು ಬದಲಾಯಿಸಿಬಿಟ್ಟ ಹಾಗೇ ಅಲ್ವಾ?

ಪ್ರಶ್ನೆ: ಗಾಯಕರು ಅಭ್ಯಾಸಕ್ಕೆ ಬಳಸುವ ವೋಕಲ್ ಸ್ಕೋರ್‌ನಲ್ಲಿ ಪಿಯಾನೊ ಭಾಗ ಸಿದ್ಧವಾಗಿಯೇ ಇರುತ್ತದೆ. ಅದನ್ನೇ ನುಡಿಸಿದರೆ ಏನು ತೊಂದರೆ?
— ಪಿಯಾನೊ ಕಲಿಸುವವರು

ಉತ್ತರ: ಇದಕ್ಕೆ ಗೆಳತಿಯೇ ಉತ್ತರ ಹೇಳಿದಳು, ನಾನು ಬರೆದುಕೊಂಡೆ. ಆ ಪಿಯಾನೊ ಭಾಗ ಇರುವುದು ತಾಲೀಮಿಗೆ. ಆರ್ಕೆಸ್ಟ್ರಾದಲ್ಲಿ ಯಾವ ಯಾವ ಸ್ವರ ಇದೆ ಅಂತ ಗಾಯಕರಿಗೆ ತೋರಿಸಲು ಬರೆದದ್ದು. ಸಭೆಯಲ್ಲಿ ಹೇಗೆ ಕೇಳಿಸಬೇಕು ಅಂತ ಬರೆದದ್ದಲ್ಲ.

ಅವಳು ಮೊದಲು ನೋಡುವುದು ನಡುವಿನ ಜಾಗವನ್ನು. ಚೆಲೊ ಹಾಡುವುದು ಹೆಚ್ಚಾಗಿ ಪಿಯಾನೊದ ಮಧ್ಯದ ಸಿ ಸುತ್ತಮುತ್ತ. ಪಿಯಾನಿಸ್ಟರ ಎರಡೂ ಕೈ ಸಲೀಸಾಗಿ ಬಂದು ಕೂರುವುದೂ ಅಲ್ಲೇ. ಸೊಪ್ರಾನೊ ದನಿ ಇದರ ಮೇಲೆ ತೇಲುತ್ತದೆ, ಚೆಲೊ ಇದರೊಳಗೆ ಮುಳುಗುತ್ತದೆ. ಆದ್ದರಿಂದ ಚೆಲೊ ಮಧ್ಯದಲ್ಲಿ ಹಾಡುವಾಗ ಪಿಯಾನೊದ ಬಲಗೈ ಒಂದು ಸ್ಥಾಯಿ ಮೇಲೆ ಹೋಗಬೇಕು. ಎಡಗೈ ಕೆಳಗೆ ಹೋಗಬೇಕು, ಆದರೆ ಅಲ್ಲಿ ತೆಳುವಾಗಿರಬೇಕು. ಕೆಳಗಿನ ಸ್ವರಗಳನ್ನು ಒತ್ತೊತ್ತಾಗಿ ಹಿಡಿದರೆ ಕೆಸರು. ಒಂದೇ ಸ್ವರ, ಇಲ್ಲವೇ ಅದರ ಸ್ಥಾಯಿ, ಅಷ್ಟೇ.

ಎರಡನೆಯದು, ಪಿಯಾನೊ ಸ್ವರ ಹುಟ್ಟಿದ ಕ್ಷಣದಿಂದ ಸಾಯುತ್ತಾ ಹೋಗುತ್ತದೆ. ಆರ್ಕೆಸ್ಟ್ರಾದ ಪಿಟೀಲುಗಳು ನಾಲ್ಕು ಬಾರ್ ಹಿಡಿದು ನಿಲ್ಲಿಸುವ ಸ್ವರವನ್ನು ವೋಕಲ್ ಸ್ಕೋರ್ ಹಾಗೆಯೇ ಉದ್ದ ಸ್ವರವಾಗಿ ಬರೆದುಬಿಟ್ಟಿರುತ್ತದೆ. ನುಡಿಸಿದರೆ ಎರಡನೇ ಬಾರ್‌ನಲ್ಲೇ ಖಾಲಿ. ಅದನ್ನು ಬಿಡಿಸಿ, ಅಲೆಅಲೆಯಾಗಿ ಬರೆದುಕೊಳ್ಳಬೇಕು. ಬೆಲ್ಲಿನಿಯ ‘ನಾರ್ಮಾ’ದ ‘ಕಾಸ್ತಾ ದಿವಾ’ದಲ್ಲಿ ಮೂಲದಲ್ಲೇ ಅಂಥ ಅಲೆಗಳಿವೆ. ಅದನ್ನು ನೋಡಿ ಕಲಿಯಿರಿ.

ಅವಳು ಕೊನೆಗೆ ಹೇಳಿದ್ದು, ನಾನು ತಿದ್ದದೆ ಬರೆಯುತ್ತೇನೆ: ‘ಟ್ಯೂನ್ ಚೆಲೊದಲ್ಲಿದೆ ಅಂತ ನನಗೂ ಟ್ಯೂನ್ ಬರೆದುಕೊಡಬೇಡಿ. ನಾನು ಜೊತೆಜೊತೆಗೇ ಅದನ್ನೇ ನುಡಿಸಿದರೆ ಚೆಲೊಗೆ ಎಳೆಯೋದಕ್ಕೆ, ತಡೆಯೋದಕ್ಕೆ ಜಾಗವೇ ಇರೋದಿಲ್ಲ. ನನಗೆ ಊರು, ಗಾಳಿ, ಜನ ಇದನ್ನೆಲ್ಲ ಕೊಡಿ.’

ಪ್ರಶ್ನೆ: ಬೇರೆಯವರ ಒಪೆರಾ ಟ್ಯೂನ್ ಬಳಸಲು ಅನುಮತಿ ಬೇಕಾ?
— ಕಾಲೇಜು ವಿದ್ಯಾರ್ಥಿನಿ

ಉತ್ತರ: ಯುರೋಪಿನ ನಿಯಮದಲ್ಲಿ ಸಂಗೀತಗಾರ ತೀರಿಕೊಂಡ ಮೇಲೆ 70 ವರ್ಷ ಹಕ್ಕು ಇರುತ್ತದೆ. ಬಿಜೆ ತೀರಿಕೊಂಡಿದ್ದು 1875ರಲ್ಲಿ. ಅವನ ಟ್ಯೂನ್‌ಗಳಿಗೆ ಅನುಮತಿ ಬೇಡ. ಇಂಗ್ಲಿಷ್ ಸಂಗೀತಗಾರ ಬೆಂಜಮಿನ್ ಬ್ರಿಟನ್ ತೀರಿಕೊಂಡಿದ್ದು 1976ರಲ್ಲಿ, ಅವರ ಒಪೆರಾ ಮುಟ್ಟಬೇಕಾದರೆ ಬೇಕು. ಎಲ್ಲ ದೇಶಗಳಲ್ಲೂ ಅವಧಿ ಒಂದೇ ಅಲ್ಲ, ನೀವು ನುಡಿಸುವ, ಅಚ್ಚು ಹಾಕಿಸುವ ಜಾಗದ ನಿಯಮ ನೋಡಿಕೊಳ್ಳಿ. ಇನ್ನೊಂದು, ಹಳೆಯ ಟ್ಯೂನ್‌ಗೆ ಇತ್ತೀಚೆಗೆ ಯಾರೋ ಮಾಡಿದ ಹೊಂದಾಣಿಕೆ ಅವರದ್ದೇ. ಅದನ್ನು ನೋಡಿಕೊಂಡು ಬರೆಯಬೇಡಿ. ಮೂಲ ಸ್ಕೋರ್‌ನಿಂದಲೇ ಶುರು ಮಾಡಿ.

ಮತ್ತೆ, ಹೆಸರು ಹಾಕಿ. ಹಬನೇರಾ ಟ್ಯೂನ್ ಜನಪದ ಹಾಡು ಅಂತ ಬಿಜೆ ನಂಬಿದ್ದ. ಅದು ಸೆಬಾಸ್ಟಿಯನ್ ಇರಾದಿಯೆರ್ ಅನ್ನುವ ಸ್ಪೇನಿನ ಸಂಗೀತಗಾರನ ‘ಎಲ್ ಅರೆಗ್ಲಿತೊ’ ಅನ್ನುವ ಹಾಡು ಅಂತ ತಿಳಿದ ಮೇಲೆ, ಅಚ್ಚಾದ ಸ್ಕೋರ್‌ನಲ್ಲಿ ಅದನ್ನು ನಮೂದಿಸಲಾಯಿತು. ನೀವು ಹಬನೇರಾ ಬಳಸಿದರೆ ಕಾರ್ಯಕ್ರಮದ ಹಾಳೆಯಲ್ಲಿ ಎರಡು ಹೆಸರೂ ಇರಲಿ.

ಪ್ರಶ್ನೆ: ಬರೆಯಲು ಕೂರುವ ಮುಂಚೆ ಯಾವ ಕೃತಿಗಳನ್ನು ಕೇಳಬೇಕು? ಚೆಲೊಗೆ ಯಾವ ಒಪೆರಾ ಹಾಡು ಚೆನ್ನಾಗಿ ಒಗ್ಗುತ್ತದೆ?
— ಹೆಸರು ಬೇಡ ಎಂದವರು

ಉತ್ತರ: ಮೊದಲು ಬೀಥೊವನ್. ಮೊಜಾರ್ಟ್‌ನ ‘ಮಾಯಾ ಕೊಳಲು’ ಒಪೆರಾದಲ್ಲಿ ಪಮೀನಾ ಮತ್ತು ಪಪಗೇನೊ ಇಬ್ಬರೂ ಸೇರಿ ಪ್ರೀತಿಯ ಬಗ್ಗೆ ಹಾಡುತ್ತಾರೆ. ಆ ಟ್ಯೂನ್ ಮೇಲೆ ಬೀಥೊವನ್ 1801ರಲ್ಲಿ ಚೆಲೊ ಮತ್ತು ಪಿಯಾನೊಗೆ ಏಳು ವೇರಿಯೇಷನ್‌ಗಳನ್ನು (ಅದೇ ಟ್ಯೂನಿನ ಬೇರೆ ಬೇರೆ ರೂಪಗಳನ್ನು) ಬರೆದರು. ಇಬ್ಬರ ಹಾಡು ಎರಡು ವಾದ್ಯಗಳ ಮಾತುಕತೆ ಆಗಿದೆ. ಯಾರು ಯಾವಾಗ ಮಾತಾಡುತ್ತಾರೆ, ಯಾರು ಸುಮ್ಮನಿರುತ್ತಾರೆ ಅನ್ನುವುದನ್ನೇ ಗಮನಿಸಿ ಕೇಳಿ. ನನಗೆ ಈ ಕೆಲಸ ಕಲಿಸಿದ್ದು ಇದೇ ಕೃತಿ.

ಆಮೇಲೆ ಶೋಪ್ಯಾನ್. ಪ್ಯಾರಿಸ್‌ನಲ್ಲಿ 1831ರಲ್ಲಿ ಮಯರ್‌ಬೇರ್‌ನ ‘ರಾಬರ್ಟ್ ಲ ಡಿಯಾಬ್ಲ್’ ಒಪೆರಾ ಭಾರೀ ಸದ್ದು ಮಾಡಿತು. ಅದರ ಟ್ಯೂನ್‌ಗಳ ಮೇಲೆ ಶೋಪ್ಯಾನ್ ಮತ್ತು ಚೆಲೊ ವಾದಕ ಫ್ರಾಂಶೊಮ್ ಸೇರಿ ಒಂದು ದೊಡ್ಡ ಜೋಡಿ ಕೃತಿ ಬರೆದರು. ಹೊಳಪು ಬಹಳ ಇದೆ, ಆದರೆ ನನಗೆ ಅದು ಬೀಥೊವನ್‌ನಷ್ಟು ಹತ್ತಿರವಾಗಲಿಲ್ಲ. ಇಟಲಿಯ ಚೆಲೊ ವಾದಕ ಪಿಯಾತ್ತಿ, ದೊನಿಜೆತ್ತಿಯ ‘ಲುಚಿಯಾ’ ಒಪೆರಾದ ಟ್ಯೂನ್ ಮೇಲೆ ಬರೆದದ್ದನ್ನು ಕೇಳಿ. ಇಬ್ಬರೂ ಬೆರ್ಗಾಮೊ ಊರಿನವರೇ. ನಗುತ್ತಾ ಓಡುವ ಕೃತಿ ಬೇಕಾದರೆ ರೊಸ್ಸಿನಿಯ ಕ್ಷೌರಿಕ ಫಿಗರೊನ ಹಾಡನ್ನು ಕಾಸ್ತೆಲ್ನೂವೊ-ತೆದೆಸ್ಕೊ ಚೆಲೊಗೆ ಹೊಂದಿಸಿದ್ದು ಇದೆ. ಅದನ್ನು ನುಡಿಸುವುದು ಮಾತ್ರ ತೀರಾ ಕಷ್ಟ.

ಒಗ್ಗುವ ಹಾಡು ಯಾವುದು ಅಂದರೆ, ಮೂಲದಲ್ಲೇ ಚೆಲೊ ಇರುವ ಜಾಗ ಹುಡುಕಿ. ವರ್ದಿಯ ‘ಡಾನ್ ಕಾರ್ಲೋಸ್’ನಲ್ಲಿ ರಾಜ ಫಿಲಿಪ್ ನಿದ್ದೆಯಿಲ್ಲದೆ ಕೂತು ‘ಅವಳು ನನ್ನನ್ನು ಯಾವತ್ತೂ ಪ್ರೀತಿಸಲಿಲ್ಲ’ ಅಂತ ಹಾಡುತ್ತಾನೆ. ಅವನು ಬಾಯಿ ತೆರೆಯುವ ಮುಂಚೆ ಒಂದೇ ಒಂದು ಚೆಲೊ ಅವನ ಒಂಟಿತನವನ್ನು ಹೇಳಿ ಮುಗಿಸಿರುತ್ತದೆ. ಚೈಕೊವ್‌ಸ್ಕಿಯ ‘ಯೂಜಿನ್ ಒನೇಗಿನ್’ನಲ್ಲಿ ದ್ವಂದ್ವಯುದ್ಧಕ್ಕೆ ಮುಂಚೆ ಲೆನ್ಸ್ಕಿ ಹಾಡುವ ಹಾಡೂ ಹಾಗೇ. ಅಲ್ಲಿ ಹಾಡುವವನು ಟೆನರ್ (ಗಂಡಸಿನ ಎತ್ತರದ ದನಿ), ಸ್ಕೇಲ್ ಇ ಮೈನರ್. ಸ್ವರ ಬದಲಾಯಿಸದೆ, ಎತ್ತರ ಬದಲಾಯಿಸದೆ ಚೆಲೊದಲ್ಲಿ ಕೂರುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಕೊಡುತ್ತೇನೆ.

ಪ್ರಶ್ನೆ: ಕೃತಿ ಮುಗಿದಿದೆ. ಹಾಳೆಗಳನ್ನು ಪಿಯಾನಿಸ್ಟ್‌ಗೆ ಕಳಿಸುವ ಮುಂಚೆ ಏನಾದರೂ ನೋಡಬೇಕಾ?
— ಚೆಲೊ ವಾದಕ

ಉತ್ತರ: ನೋಡಬೇಕು, ಪುಟ ತಿರುವುವ ಜಾಗ. ಒಂದು ಸಲ ನಾನು ಹೂವಿನ ಹಾಡನ್ನು ಹೊಂದಿಸಿ, ಹಾಳೆ ಅಚ್ಚು ಹಾಕಿಸಿ, ಸೀದಾ ಕಛೇರಿಗೆ ಒಯ್ದಿದ್ದೆ. ಆ ಮೆತ್ತಗಿನ ಎ ಸ್ವರ ಬರುವ ಹೊತ್ತಿಗೆ ಸರಿಯಾಗಿ ಪಿಯಾನೊ ಹಾಳೆಯಲ್ಲಿ ಪುಟ ಮುಗಿದಿತ್ತು. ಗೆಳತಿಯ ಎರಡೂ ಕೈಗೆ ಕೆಲಸ ಇತ್ತು. ಅವಳು ಎಡಗೈ ಬಿಟ್ಟು ಪುಟ ತಿರುವಿದಳು. ಇಡೀ ಸಭೆಯ ಮೌನದಲ್ಲಿ ಕಾಗದದ ಸದ್ದು ಕೇಳಿಸಿತು, ಕೆಳಗಿನ ಸ್ವರ ಬರಲಿಲ್ಲ. ನನ್ನ ಎ ಒಂಟಿಯಾಗಿ ನಿಂತಿತು. ತಪ್ಪು ನನ್ನದು, ಅವಳದ್ದಲ್ಲ.

ಈಗ ಪಿಯಾನೊ ಹಾಳೆಯ ಪ್ರತಿ ಪುಟದ ಕೊನೆಯ ಎರಡು ಬಾರ್‌ಗಳಲ್ಲಿ ಒಂದು ಕೈಗಾದರೂ ಬಿಡುವು ಇರುವ ಹಾಗೆ ಬರೆಯುತ್ತೇನೆ. ಅದಕ್ಕಾಗಿ ಒಂದು ಪುಟ ಜಾಸ್ತಿ ಆದರೂ ಚಿಂತೆಯಿಲ್ಲ. ಪಿಯಾನೊ ಹಾಳೆಯಲ್ಲಿ ಚೆಲೊ ಸಾಲನ್ನೂ ಮೇಲ್ಗಡೆ ಸಣ್ಣದಾಗಿ ಅಚ್ಚು ಹಾಕಿಸಿ, ಅದರ ಕೆಳಗೆ ಹಾಡಿನ ಮಾತು ಇರಲಿ. ನೀವು ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ ಅಂತ ಅವರಿಗೂ ಕಾಣಬೇಕು. ಚೆಲೊ ಹಾಳೆಯಲ್ಲಿ ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ತೋರಿಸುವ ಗುರುತು) ಪದೇ ಪದೇ ಬದಲಾಯಿಸಬೇಡಿ, ಟೆನರ್ ಕ್ಲೆಫ್‌ಗೆ ಹೋದರೆ ಸಾಲು ಮುಗಿಯುವವರೆಗೆ ಅಲ್ಲೇ ಇರಿ. ಕಮಾನಿನ ಗುರುತುಗಳನ್ನು ಪೆನ್ಸಿಲ್‌ನಲ್ಲೇ ಬಿಡಿ. ಪಿಯಾನೊ ಜೊತೆ ಮೂರು ಸಲ ನುಡಿಸಿದ ಮೇಲೆ ಅವು ಹೇಗೂ ಬದಲಾಗುತ್ತವೆ.